ಬರಿಗೈಯ ಭಕ್ತಿ: ಬಾಲಯೇಸುವಿನ ಸಂತ ತೆರೇಸಾ

ಅಕ್ಟೋಬರ್ 1 ಬಾಲಯೇಸುವಿನ ಸಂತ ತೆರೇಸಾ ಅವರ ಹಬ್ಬ. ಕಂದು ಬಣ್ಣದ ನಿಲುವಂಗಿ, ಬಿಳಿಯ ಮೇಲ್ವಸ್ತ್ರ, ತೋಳಿನಲ್ಲಿ ಗುಲಾಬಿ ಹೂಗಳ ರಾಶಿ ಇರುವ ಅವರ ಸ್ವರೂಪವು ನಮ್ಮ ದೇವಾಲಯಗಳಲ್ಲಿಯೂ ಮನೆಯ ಪ್ರಾರ್ಥನಾ ಪೀಠಗಳಲ್ಲಿಯೂ ಚಿರಪರಿಚಿತವಾದುದು. ಕಿರುಪುಷ್ಪವೆಂಬ ಅಕ್ಕರೆಯ ಹೆಸರಿನಲ್ಲಿ ಎಷ್ಟೋ ಶಾಲೆಗಳು ನಡೆಯುತ್ತಿವೆ. ಕಲ್ಕತ್ತೆಯ ಮದರ್ ತೆರೇಸಾ ಅವರು ಸನ್ಯಾಸಿನಿಯಾದಾಗ ಆರಿಸಿಕೊಂಡದ್ದು ಈ ಸಂತರ ಹೆಸರನ್ನೇ. ಆದರೆ ಆ ಚಿತ್ರವನ್ನು ಗಮನವಿಟ್ಟು ನೋಡಿದರೆ ಗುಲಾಬಿಗಳ ನಡುವೆ ಒಂದು ಶಿಲುಬೆಯೂ ಕಾಣುತ್ತದೆ. ನಾವು ಸಾಮಾನ್ಯವಾಗಿ ಗುಲಾಬಿಗಳನ್ನು ಬೇಡಿ ಹಿಂದಿರುಗುತ್ತೇವೆ. ಶಿಲುಬೆಯ ಕಡೆಗೆ ನಮ್ಮ ದೃಷ್ಟಿ ಹರಿಯುವುದಿಲ್ಲ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ಬಲಗೊಂಡು, ರೇಡಿಯೊ ಮತ್ತು ದೂರದರ್ಶನಗಳ ಮೂಲಕ ಆಫ್ರಿಕ, ಲ್ಯಾಟಿನ್ ಅಮೆರಿಕ ಹಾಗೂ ಏಷ್ಯದ ನಾಡುಗಳಿಗೆ ಹಬ್ಬಿದ ಬೋಧನೆಯೊಂದಿದೆ. ಸಮೃದ್ಧಿಯ ಬೋಧನೆಯೆಂದು ಅದನ್ನು ಕರೆಯುತ್ತಾರೆ. ನಿಜವಾದ ವಿಶ್ವಾಸವಿದ್ದವನಿಗೆ ದೇವರು ಆರೋಗ್ಯವನ್ನೂ ಐಶ್ವರ್ಯವನ್ನೂ ಕೊಟ್ಟೇ ಕೊಡುತ್ತಾರೆ. ಕಾಣಿಕೆಯು ಬಿತ್ತಿದ ಬೀಜವಿದ್ದಂತೆ, ಅದು ಹಲವು ಮಡಿಯಾಗಿ ಈ ಲೋಕದಲ್ಲಿಯೇ ಹಿಂದಿರುಗುತ್ತದೆ. ಹಿಂದಿರುಗದಿದ್ದರೆ ದೋಷವಿರುವುದು ಬಿತ್ತಿದವನ ವಿಶ್ವಾಸದಲ್ಲಿ ಎಂಬುದು ಆ ಬೋಧನೆಯ ಸಾರಾಂಶ. ಈ ಕೊನೆಯ ಮಾತು ಅತ್ಯಂತ ಕ್ರೂರವಾದುದು. ಅರ್ಬುದ ರೋಗದಿಂದ ನರಳುವವನಿಗೆ ರೋಗದ ಭಾರದೊಂದಿಗೆ ಅಪರಾಧದ ಭಾರವನ್ನೂ ಅದು ಹೊರಿಸುತ್ತದೆ. ಮಗುವನ್ನು ಮಣ್ಣುಮಾಡಿ ಬಂದ ತಾಯಿಗೆ, ನಿನ್ನ ಪ್ರಾರ್ಥನೆ ಸಾಲದಾಯಿತೆಂದು ಹೇಳಲು ಅದು ಹಿಂಜರಿಯುವುದಿಲ್ಲ.

ಈ ಬೋಧನೆ ಬೇರೆಯವರದೆಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಒಂಬತ್ತು ವಾರಗಳ ನೊವೇನ ತಪ್ಪದೆ ಮುಗಿಸಿದೆ, ಇಷ್ಟು ಮೇಣದ ಬತ್ತಿಗಳನ್ನು ಹಚ್ಚಿದೆ, ಪುಣ್ಯಕ್ಷೇತ್ರಕ್ಕೆ ನಡೆದೇ ಹೋದೆ, ಆದರೂ ಮಗನಿಗೆ ವೀಸಾ ದೊರೆಯಲಿಲ್ಲ, ಮಗಳಿಗೆ ಸಂಬಂಧ ಕೂಡಿಬರಲಿಲ್ಲ ಎಂಬ ದೂರು ಕಥೋಲಿಕ ಮನೆಗಳಲ್ಲಿಯೂ ಕೇಳಿಬರುತ್ತದೆ. ಆ ನೋವು ಸತ್ಯವಾದುದು. ಆದರೆ ಆ ದೂರಿನೊಳಗೆ ಒಂದು ಲೆಕ್ಕದ ಪುಸ್ತಕ ಅಡಗಿದೆ: ನಾನು ಕೊಡಬೇಕಾದುದನ್ನು ಕೊಟ್ಟಿದ್ದೇನೆ, ದೇವರು ಬಾಕಿ ಉಳಿಸಿಕೊಂಡಿದ್ದಾರೆ.

ಈ ಪ್ರಶ್ನೆ ಬಹಳ ಪ್ರಾಚೀನವಾದುದು. ಗ್ರೀಕ್ ತತ್ವಜ್ಞಾನಿ ಪ್ಲೇಟೊ ತನ್ನ ಯೂಥಿಫ್ರೊ ಎಂಬ ಸಂವಾದದಲ್ಲಿ ಇದನ್ನು ಎತ್ತಿದ್ದಾನೆ. ದೇವತೆಗಳಿಂದ ಬೇಡುವುದನ್ನೂ ಅವರಿಗೆ ಕೊಡುವುದನ್ನೂ ಬಲ್ಲವನೇ ಭಕ್ತನೆಂದಾದರೆ, ಭಕ್ತಿಯೆಂಬುದು ದೇವತೆಗಳಿಗೂ ಮನುಷ್ಯರಿಗೂ ನಡುವಿನ ಒಂದು ಬಗೆಯ ವ್ಯಾಪಾರವಾಗುವುದಲ್ಲವೇ ಎಂದು ಸಾಕ್ರೆಟಿಸನು ಅಲ್ಲಿ ವಿಚಾರಿಸುತ್ತಾನೆ. ಪವಿತ್ರ ಬೈಬಲಿನ ಯೋಬನ ಗ್ರಂಥದಲ್ಲಿ ಇದೇ ಪ್ರಶ್ನೆಯನ್ನು ಸೈತಾನನು ಕೇಳುತ್ತಾನೆ. ಯೋಬನಿಗೆ ದೇವರ ಮೇಲಿರುವ ಭಯಭಕ್ತಿ ಲಾಭವಿಲ್ಲದ ಭಕ್ತಿಯೇ, ಅಥವಾ ಕುರಿ ಒಂಟೆಗಳಿಗಾಗಿ ಸಲ್ಲಿಸುವ ಬಾಡಿಗೆಯೇ ಎಂಬುದು ಅವನ ಸಂಶಯ. ಸಂತ ತೆರೇಸಾ ಅವರ ಮನೆತನದ ಚರಿತ್ರೆಯನ್ನು ಓದುವಾಗ ಆ ಸಂಶಯಕ್ಕೆ ಉತ್ತರವೊಂದು ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ.

ತೆರೇಸಾ ಜನಿಸಿದ್ದು 1873ರ ಜನವರಿ 2ರಂದು, ಫ್ರಾನ್ಸಿನ ನಾರ್ಮಂಡಿ ಸೀಮೆಯ ಅಲಾಂಸೋನ್ ಪಟ್ಟಣದಲ್ಲಿ. ತಂದೆ ಲೂಯಿ ಮಾರ್ಟಿನ್ ಗಡಿಯಾರಗಳ ಕುಶಲಕರ್ಮಿ ಹಾಗೂ ವ್ಯಾಪಾರಿ. ತಾಯಿ ಝೇಲಿ ಆ ಪಟ್ಟಣದ ಪ್ರಖ್ಯಾತ ಲೇಸ್ ಕಸೂತಿಯ ಉದ್ಯಮವನ್ನು ಸ್ವಂತವಾಗಿ ನಡೆಸುತ್ತಿದ್ದರು. ಇಬ್ಬರೂ ಯೌವನದಲ್ಲಿ ಸನ್ಯಾಸ ಜೀವನವನ್ನು ಬಯಸಿದ್ದವರು. ಇಬ್ಬರಿಗೂ ಆ ಬಾಗಿಲು ತೆರೆಯಲಿಲ್ಲ. 1858ರಲ್ಲಿ ಅವರ ವಿವಾಹವಾಯಿತು. ಅದು ಬಡ ಕುಟುಂಬವಾಗಿರಲಿಲ್ಲ. ದುಡಿದು ಗಳಿಸಿದರು, ಅನುಕೂಲವಾಗಿಯೇ ಬಾಳಿದರು, ಬಡವರಿಗೂ ಕೊಟ್ಟರು. ಸಂಪತ್ತು ತಾನಾಗಿಯೇ ಪಾಪವಲ್ಲ ಎಂಬುದಕ್ಕೆ ಈ ಮನೆಯೇ ಸಾಕ್ಷಿ. ಆದರೆ ಸಂಪತ್ತನ್ನು ಅವರು ತಮ್ಮ ಭಕ್ತಿಯ ಪ್ರತಿಫಲವೆಂದು ಎಣಿಸಲಿಲ್ಲ. ಭಾನುವಾರದಂದು ಹಳ್ಳಿಗಳಿಂದ ಜನರು ಪಟ್ಟಣಕ್ಕೆ ಬರುತ್ತಿದ್ದರು, ವ್ಯಾಪಾರಕ್ಕೆ ಅದೇ ಒಳ್ಳೆಯ ದಿನ. ಲೂಯಿ ಆ ದಿನ ಅಂಗಡಿಯನ್ನು ತೆರೆಯುತ್ತಿರಲಿಲ್ಲ. ಪ್ರಭುವಿನ ದಿನವನ್ನು ಆಚರಿಸುವುದರಿಂದ ನಷ್ಟವಾಗುವುದೆಂದು ತಿಳಿದೇ ಅವರು ಅದನ್ನು ಆಚರಿಸಿದರು.

ಈ ದಂಪತಿಗೆ ಒಂಬತ್ತು ಮಕ್ಕಳು. ಧರ್ಮಪ್ರಚಾರಕ ಗುರುವಾಗುವಂಥ ಗಂಡುಮಗುವೊಂದನ್ನು ಕರುಣಿಸಬೇಕೆಂದು ಅವರು ಸಂತ ಜೋಸೆಫರನ್ನು ಪ್ರಾರ್ಥಿಸಿದರು. 1866ರಲ್ಲಿ ಗಂಡುಮಗು ಹುಟ್ಟಿತು, ಜೋಸೆಫನೆಂದೇ ಹೆಸರಿಟ್ಟರು. ಐದು ತಿಂಗಳು ತುಂಬುವ ಮೊದಲೇ ಆ ಮಗು ತೀರಿಕೊಂಡಿತು. ಮತ್ತೆ ಪ್ರಾರ್ಥಿಸಿದರು. 1867ರ ಡಿಸೆಂಬರಿನಲ್ಲಿ ಎರಡನೆಯ ಗಂಡುಮಗು ಹುಟ್ಟಿತು. ಅದಕ್ಕೂ ಜೋಸೆಫನ ಹೆಸರನ್ನೇ ಇಟ್ಟರು. ಮರುವರ್ಷದ ಆಗಸ್ಟಿನಲ್ಲಿ ಅದೂ ಕಣ್ಮುಚ್ಚಿತು. 1870ರಲ್ಲಿ ಐದು ವರ್ಷದ ಎಲೆನ್ ಹಾಗೂ ಕೆಲವೇ ವಾರಗಳ ಹಸುಳೆಯೊಂದು ತೀರಿಹೋದವು. ನಾಲ್ಕು ವರ್ಷಗಳೊಳಗೆ ನಾಲ್ಕು ಪುಟ್ಟ ಶವಪೆಟ್ಟಿಗೆಗಳು ಆ ಮನೆಯಿಂದ ಹೊರಟವು. ಸಮೃದ್ಧಿಯ ಬೋಧಕನು ಆ ಮನೆಗೆ ಬಂದಿದ್ದರೆ ಝೇಲಿಗೆ ಏನು ಹೇಳುತ್ತಿದ್ದನು? ಆಕೆಯ ವಿಶ್ವಾಸದಲ್ಲಿ ಯಾವ ಕೊರತೆಯನ್ನು ಎತ್ತಿ ತೋರಿಸುತ್ತಿದ್ದನು?

ಕೊನೆಯ ಮಗುವಾಗಿ ಹುಟ್ಟಿದವಳು ನಮ್ಮ ತೆರೇಸಾ. ಆಕೆಗೆ ನಾಲ್ಕು ವರ್ಷವಾಗುವ ಹೊತ್ತಿಗೆ ತಾಯಿಯ ಎದೆಯ ಗಡ್ಡೆ ಅರ್ಬುದವೆಂದೂ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದೂ ವೈದ್ಯರು ತಿಳಿಸಿದರು. 1877ರ ಜೂನ್ ತಿಂಗಳಲ್ಲಿ ಝೇಲಿ ತಮ್ಮ ಹಿರಿಯ ಮೂವರು ಹೆಣ್ಣುಮಕ್ಕಳೊಂದಿಗೆ ಲೂರ್ದಿಗೆ ಯಾತ್ರೆ ಹೋದರು. ಅಲ್ಲಿ ಮಾತೆ ಮರಿಯಮ್ಮನವರ ದರ್ಶನಗಳಾದದ್ದು 1858ರಲ್ಲಿ, ಅಂದರೆ ಈ ದಂಪತಿಯ ವಿವಾಹದ ವರ್ಷದಲ್ಲಿಯೇ. ಝೇಲಿ ಆ ಚಿಲುಮೆಯ ತಣ್ಣನೆಯ ನೀರಿನಲ್ಲಿ ನಾಲ್ಕು ಬಾರಿ ಮುಳುಗಿ ಎದ್ದರು. ಮಕ್ಕಳು ಕಾದರು, ಮನೆಯಲ್ಲಿ ಪತಿಯೂ ಕಾದರು. ಗುಣವಾಗಲಿಲ್ಲ, ಪ್ರಯಾಣದ ಆಯಾಸದಿಂದ ನೋವು ಹೆಚ್ಚಾಗಿಯೇ ಮರಳಿದರು. ಆದರೂ ಮಾತೆ ಮರಿಯಮ್ಮನವರ ಮೇಲೆ ಮುನಿಸು ಮಾಡಿಕೊಳ್ಳಲಿಲ್ಲ. ಆಗಸ್ಟ್ 28ರಂದು, ತಮ್ಮ ನಲವತ್ತೈದನೆಯ ವಯಸ್ಸಿನಲ್ಲಿ, ಅವರು ದೈವಾಧೀನರಾದರು. ಲೂಯಿ ಐವರು ಹೆಣ್ಣುಮಕ್ಕಳನ್ನು ಕರೆದುಕೊಂಡು, ಅವರ ಸೋದರಮಾವನಿದ್ದ ಲಿಸಿಯೂ ಪಟ್ಟಣಕ್ಕೆ ಬಂದು ನೆಲೆಸಿದರು.

ಬೇಡಿದ ವರಗಳೆಲ್ಲವೂ ಆ ಕುಟುಂಬಕ್ಕೆ ನಿರಾಕರಿಸಲ್ಪಟ್ಟವೆಂದು ಭಾವಿಸಬಾರದು. 1883ರಲ್ಲಿ ಹತ್ತು ವರ್ಷದ ತೆರೇಸಾಳಿಗೆ ವಿಚಿತ್ರವಾದ ಕಾಯಿಲೆ ತಗಲಿತು. ತಾಯಿಯ ಸ್ಥಾನದಲ್ಲಿದ್ದ ಅಕ್ಕ ಪೌಲೀನ್ ಕಾರ್ಮೆಲ್ ಮಠವನ್ನು ಸೇರಿದ್ದ ದುಃಖ ಆಕೆಯನ್ನು ಬಾಧಿಸುತ್ತಿತ್ತು. ತಂದೆ ಪ್ಯಾರಿಸಿನ ವಿಜಯಮಾತೆಯ ದೇವಾಲಯದಲ್ಲಿ ಒಂಬತ್ತು ದಿನಗಳ ಬಲಿಪೂಜೆಗಳನ್ನು ಮಾಡಿಸಿದರು. ಮೇ 13ರ ಪೆಂತೆಕೋಸ್ತು ಹಬ್ಬದಂದು, ಹಾಸಿಗೆಯ ಬಳಿಯಿದ್ದ ಮಾತೆಯ ಸ್ವರೂಪವು ತನ್ನನ್ನು ನೋಡಿ ನಸುನಕ್ಕಂತೆ ಬಾಲಕಿಗೆ ಕಂಡಿತು, ಕಾಯಿಲೆ ಬಿಟ್ಟುಹೋಯಿತು. ಆದರೆ ಆ ವರವೂ ನೆಮ್ಮದಿಯ ಗಂಟಾಗಿ ಉಳಿಯಲಿಲ್ಲ. ತಾನು ಕಂಡದ್ದು ನಿಜವೇ, ತಾನು ಸುಳ್ಳು ಹೇಳಿದೆನೇ ಎಂಬ ಅಳುಕು ಆಕೆಯನ್ನು ನಾಲ್ಕು ವರ್ಷಗಳ ಕಾಲ ಕಾಡಿತು.

ಆ ಕಾಲದ ಭಕ್ತ ಕುಟುಂಬಗಳಲ್ಲಿ ಪುಣ್ಯಕಾರ್ಯಗಳನ್ನು ಎಣಿಸುವ ರೂಢಿಯಿತ್ತು. ಸಣ್ಣ ತ್ಯಾಗವೊಂದನ್ನು ಮಾಡಿದಾಗಲೆಲ್ಲ ಮಣಿಯೊಂದನ್ನು ಸರಿಸುವ ಸರವನ್ನು ಮಗುವಾಗಿದ್ದಾಗ ತೆರೇಸಾ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದಳು. 1884ರ ಮೇ 8ರಂದು ಮೊದಲ ಪರಮಪ್ರಸಾದ ಸ್ವೀಕರಿಸುವ ಮುನ್ನ, ಅಕ್ಕ ಮಠದಿಂದ ಕಳುಹಿಸಿದ ಕಿರುಪುಸ್ತಕದಲ್ಲಿ ತನ್ನ ತ್ಯಾಗಗಳನ್ನೂ ಪ್ರಾರ್ಥನೆಗಳನ್ನೂ ಹೂಗಳೆಂದು ಭಾವಿಸಿ ದಿನದಿನವೂ ಗುರುತು ಹಾಕಿದಳು. ಮಕ್ಕಳ ಶಿಕ್ಷಣಕ್ಕೆ ಇದು ತಕ್ಕ ಸಾಧನವೇ. ಆದರೆ ಎಣಿಸುತ್ತ ಬೆಳೆದ ಈ ಬಾಲಕಿಯೇ ಮುಂದೆ ಎಣಿಕೆಯನ್ನು ಕೈಬಿಡುವುದನ್ನು ಕಲಿತು ಧರ್ಮಸಭೆಗೂ ಕಲಿಸಿದಳೆಂಬುದು ಗಮನಾರ್ಹ.

1887ರಲ್ಲಿ ಪ್ಯಾರಿಸಿನಲ್ಲಿ ಮೂವರನ್ನು ಕೊಂದ ಪ್ರಾಂಝೀನಿ ಎಂಬಾತನಿಗೆ ಮರಣದಂಡನೆಯಾಯಿತು. ಅವನು ಪಶ್ಚಾತ್ತಾಪದ ಚಿಹ್ನೆಯನ್ನೇ ತೋರಿರಲಿಲ್ಲ. ಹದಿನಾಲ್ಕರ ತೆರೇಸಾ ಅವನಿಗಾಗಿ ಬಿಡದೆ ಪ್ರಾರ್ಥಿಸಿದಳು. ವಧಾಸ್ಥಾನದಲ್ಲಿ ಅವನು ಕೊನೆಯ ಗಳಿಗೆಯಲ್ಲಿ ಶಿಲುಬೆಯನ್ನು ಮುತ್ತಿಟ್ಟನೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಆನಂದದ ಕಣ್ಣೀರು ಸುರಿಸಿದಳು. ಬೇಡುವುದು ತಪ್ಪೆಂದು ತೆರೇಸಾ ಎಂದೂ ಭಾವಿಸಲಿಲ್ಲ. ಆದರೆ ಆಕೆಯ ಬೇಡಿಕೆ ತನ್ನ ಸುಖದಿಂದ ಬೇರೆಯವನ ಆತ್ಮದ ಕಡೆಗೆ ತಿರುಗಿತ್ತು.

ಹದಿನೈದನೆಯ ವಯಸ್ಸಿನಲ್ಲಿ, 1888ರ ಏಪ್ರಿಲ್ 9ರಂದು, ತೆರೇಸಾ ಲಿಸಿಯೂ ಕಾರ್ಮೆಲ್ ಮಠವನ್ನು ಪ್ರವೇಶಿಸಿದರು. ಅದೇ ವರ್ಷ ತಂದೆ ಲೂಯಿ ಲಿಸಿಯೂವಿನ ಸಂತ ಪೇತ್ರರ ದೇವಾಲಯದ ಪ್ರಧಾನ ಬಲಿಪೀಠಕ್ಕಾಗಿ ಹತ್ತು ಸಾವಿರ ಫ್ರಾಂಕುಗಳನ್ನು ದಾನ ಮಾಡಿದರು. ಬಿತ್ತಿದ ಕಾಣಿಕೆ ಹಣವಾಗಿಯೂ ಆರೋಗ್ಯವಾಗಿಯೂ ಮೊಳೆಯುವುದೆಂಬ ಬೋಧನೆ ನಿಜವಾಗಿದ್ದರೆ ಲೂಯಿಯವರ ಮುಪ್ಪು ಸುಖಮಯವಾಗಬೇಕಿತ್ತು. ಆದದ್ದೇ ಬೇರೆ. ಅವರ ಮೆದುಳಿನ ರಕ್ತನಾಳಗಳು ರೋಗಗ್ರಸ್ತವಾಗಿ ನೆನಪು ಕದಡಿತು, ಭ್ರಮೆಗಳು ಆವರಿಸಿದವು. 1889ರ ಫೆಬ್ರವರಿ 12ರಂದು ಅವರನ್ನು ಕಾನ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರು ವರ್ಷಗಳಿಗೂ ಮಿಕ್ಕಿ ಅವರು ಅಲ್ಲಿದ್ದರು. ಹೆಣ್ಣುಮಕ್ಕಳು ಒಬ್ಬರ ಹಿಂದೊಬ್ಬರು ಮಠ ಸೇರಿದ್ದರಿಂದಲೇ ತಂದೆಗೆ ಹೀಗಾಯಿತೆಂದು ಊರಿನವರು ಆಡಿಕೊಂಡರು. ಆ ಮಾತುಗಳು ಮಠದ ಗೋಡೆಗಳನ್ನು ದಾಟಿ ತೆರೇಸಾ ಅವರ ಕಿವಿಗೂ ಬಿದ್ದವು.

ವ್ಯಾಧಿಗೆ ಅಪರಾಧಿಯನ್ನು ಹುಡುಕುವ ಈ ಚಪಲ ಮನುಷ್ಯನಿಗೆ ಹಳೆಯದು. ಹುಟ್ಟು ಕುರುಡನನ್ನು ಕಂಡಾಗ, ಇದು ಯಾರ ಪಾಪದ ಫಲವೆಂದು ಶಿಷ್ಯರು ಪ್ರಭು ಯೇಸುವನ್ನು ಕೇಳಿದರು. ಪ್ರಭು ಆ ಲೆಕ್ಕಾಚಾರವನ್ನೇ ತಳ್ಳಿಹಾಕಿದುದನ್ನು ಸಂತ ಯೊವಾನ್ನರ ಶುಭಸಂದೇಶದಲ್ಲಿ ನಾವು ಓದುತ್ತೇವೆ. ತೆರೇಸಾ ಅವರೂ ಅದನ್ನು ತಳ್ಳಿಹಾಕಿದರು. ತಂದೆಯ ಅವಮಾನದಲ್ಲಿ ಅವರು ಕಂಡದ್ದು ಯಾತನಾ ಸಮಯದಲ್ಲಿ ಮುಖ ಮರೆಯಾದ ಕ್ರಿಸ್ತರನ್ನು. ತಮ್ಮ ಸನ್ಯಾಸ ನಾಮಕ್ಕೆ ಪವಿತ್ರ ಮುಖದ ಹೆಸರನ್ನು ಸೇರಿಸಿಕೊಂಡದ್ದು ಆ ದಿನಗಳಲ್ಲಿಯೇ. ಲೂಯಿ 1894ರ ಜುಲೈ 29ರಂದು ನಿಧನರಾದರು.

ಅಂದಿನ ಫ್ರಾನ್ಸಿನ ಧಾರ್ಮಿಕ ವಾತಾವರಣದಲ್ಲಿ ದೇವರ ನ್ಯಾಯದ ಭಯ ದಟ್ಟವಾಗಿತ್ತು. ಪಾಪಿಗಳಿಗೆ ಸಲ್ಲಬೇಕಾದ ಶಿಕ್ಷೆಯನ್ನು ತಮ್ಮ ಮೇಲೆ ಎಳೆದುಕೊಳ್ಳಲು ಕೆಲವು ಸನ್ಯಾಸಿನಿಯರು ದೈವನ್ಯಾಯಕ್ಕೆ ತಮ್ಮನ್ನು ಬಲಿಯಾಗಿ ಅರ್ಪಿಸಿಕೊಳ್ಳುತ್ತಿದ್ದರು. ತೆರೇಸಾ ಅವರು ಅಂಥ ಆತ್ಮಗಳನ್ನು ಗೌರವಿಸಿದರು. ಆದರೆ ಆ ದಾರಿ ತಮ್ಮದಲ್ಲವೆಂದು ಕಂಡುಕೊಂಡರು. 1895ರ ಜೂನ್ 9ರಂದು, ಪರಮ ತ್ರಿತ್ವದ ಹಬ್ಬದ ದಿನ, ಅವರು ದೇವರ ಕರುಣಾಮಯ ಪ್ರೀತಿಗೆ ತಮ್ಮನ್ನು ಒಪ್ಪಿಸಿಕೊಂಡರು. ಸ್ವರ್ಗಕ್ಕಾಗಿ ಪುಣ್ಯಗಳನ್ನು ಕೂಡಿಡುವುದಿಲ್ಲವೆಂದೂ, ಜೀವನದ ಸಂಜೆಯಲ್ಲಿ ದೇವರ ಮುಂದೆ ಬರಿಗೈಯಲ್ಲಿ ನಿಲ್ಲುವುದಾಗಿಯೂ, ತಮ್ಮ ಕಾರ್ಯಗಳನ್ನು ಎಣಿಸಬೇಡಿರೆಂದೂ ಅವರು ಆ ಅರ್ಪಣೆಯಲ್ಲಿ ಬಿನ್ನವಿಸಿಕೊಂಡರು. ಬಾಲ್ಯದ ಮಣಿಸರ ಅಲ್ಲಿಗೆ ಕೈಬಿಟ್ಟಿತು. ಇದರ ತಾತ್ವಿಕ ಅರ್ಥ ಗಹನವಾದುದು. ದೇವರಿಗೆ ಕೊರತೆಯಿಲ್ಲ, ಆದ್ದರಿಂದ ಅವರೊಂದಿಗೆ ವ್ಯಾಪಾರ ಸಾಧ್ಯವೇ ಇಲ್ಲ. ಅವರು ಕೊಡುವುದೆಲ್ಲವೂ ದಾನ. ದಾನವನ್ನು ಸ್ವೀಕರಿಸಲು ಬೇಕಾದುದು ಖಾಲಿಯಿರುವ ಕೈ. ಸತ್ಕಾರ್ಯಗಳನ್ನು ತೆರೇಸಾ ಅವರು ಕಡಿಮೆ ಮಾಡಲಿಲ್ಲ. ಸಿಡುಕು ಸ್ವಭಾವದ ವೃದ್ಧ ಸಹೋದರಿಯ ಕೈ ಹಿಡಿದು ನಡೆಸುವಂಥ ಕಿರುಸೇವೆಗಳಲ್ಲಿ ಅವರ ದಿನಗಳು ತುಂಬಿದ್ದವು. ಅವುಗಳಿಗೆ ಬೆಲೆಪಟ್ಟಿ ಬರೆಯುವುದನ್ನು ಮಾತ್ರ ಬಿಟ್ಟರು.

ಹೀಗೆ ಸಂಪೂರ್ಣವಾಗಿ ಒಪ್ಪಿಸಿಕೊಂಡವರಿಗೆ ದೊರೆತ ಪ್ರತಿಫಲವೇನು? 1896ರ ಪವಿತ್ರ ಗುರುವಾರದ ರಾತ್ರಿ ಅವರು ಮೊದಲ ಬಾರಿಗೆ ರಕ್ತ ಕೆಮ್ಮಿದರು. ಅದು ಕ್ಷಯರೋಗ. ಕೆಲವೇ ದಿನಗಳಲ್ಲಿ, ಪಾಸ್ಕ ಕಾಲದ ಹರ್ಷದ ನಡುವೆಯೇ, ಅವರ ಆತ್ಮವನ್ನು ಕತ್ತಲೆ ಕವಿಯಿತು. ಸಾವಿನಾಚೆ ಏನೂ ಇಲ್ಲ, ಸ್ವರ್ಗವೆಂಬುದು ಬರಿಯ ಕನಸು ಎಂಬ ಯೋಚನೆ ಅವರನ್ನು ಅಣಕಿಸತೊಡಗಿತು. ದೇಹದ ಆರೋಗ್ಯದೊಂದಿಗೆ ವಿಶ್ವಾಸದ ಸವಿಯೂ ಹೋಯಿತು. ಅವರು ವಿಶ್ವಾಸ ಪ್ರಮಾಣವನ್ನು ತಮ್ಮ ರಕ್ತದಿಂದಲೇ ಬರೆದು ಎದೆಯ ಬಳಿ ಇಟ್ಟುಕೊಂಡರು. ದೇವರನ್ನು ನಂಬದವರ ಪಂಕ್ತಿಯಲ್ಲಿ ಕುಳಿತು ಅವರಿಗಾಗಿ ಬೇಡಿದರು. 1897ರ ಜೂನ್ ತಿಂಗಳಲ್ಲಿ ಮಠದ ಸಹೋದರಿಯರು ಅವರ ಆರೋಗ್ಯಕ್ಕಾಗಿ ವಿಜಯಮಾತೆಗೆ ನವದಿನ ಪ್ರಾರ್ಥನೆ ಸಲ್ಲಿಸಿದರು. ಹದಿನಾಲ್ಕು ವರ್ಷಗಳ ಹಿಂದೆ ತಂದೆ ಮೊರೆಹೋದದ್ದೂ ಅದೇ ಮಾತೆಯನ್ನೇ. ಆಗ ಗುಣವಾಗಿತ್ತು, ಈಗ ಆಗಲಿಲ್ಲ. ಹತ್ತು ವರ್ಷದ ಬಾಲಕಿಗಿಂತ ಇಪ್ಪತ್ತನಾಲ್ಕರ ಸನ್ಯಾಸಿನಿಯ ವಿಶ್ವಾಸ ಕಡಿಮೆಯಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? 1897ರ ಸೆಪ್ಟೆಂಬರ್ 30ರ ಸಂಜೆ, ಉಸಿರಿಗಾಗಿ ದೀರ್ಘಕಾಲ ಹೋರಾಡಿ, ದೇವರ ಮೇಲಿನ ಪ್ರೀತಿಯನ್ನು ಉಚ್ಚರಿಸುತ್ತ ಅವರು ಪ್ರಾಣ ಬಿಟ್ಟರು.

ಮುಂದಿನದು ನಮಗೆಲ್ಲ ತಿಳಿದದ್ದೇ. ಮಠದ ಗೋಡೆಗಳೊಳಗೆ ಬರೆದಿಟ್ಟ ಆತ್ಮಕಥೆ 1898ರಲ್ಲಿ ಪ್ರಕಟವಾಗಿ ಲೋಕವನ್ನೆಲ್ಲ ಸುತ್ತಿತು. 1925ರ ಮೇ 17ರಂದು ಸಂತ ಪದವಿ ದೊರೆಯಿತು. 1927ರಲ್ಲಿ ಅವರು ಧರ್ಮಪ್ರಚಾರ ಕ್ಷೇತ್ರಗಳ ಪಾಲಕಿಯೆಂದು ಘೋಷಿತರಾದರು. 1997ರ ಅಕ್ಟೋಬರ್ 19ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ಧರ್ಮಸಭೆಯ ಆಚಾರ್ಯರ ಸಾಲಿಗೆ ಸೇರಿಸಿದರು. ತಂದೆತಾಯಿಯರಾದ ಲೂಯಿ ಮತ್ತು ಝೇಲಿಯವರೂ 2015ರ ಅಕ್ಟೋಬರ್ 18ರಂದು ಒಟ್ಟಿಗೇ ಸಂತರೆಂದು ಘೋಷಿಸಲ್ಪಟ್ಟರು. 2023ರಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸರು ಸಂತ ತೆರೇಸಾ ಅವರ ಭರವಸೆಯ ಮಾರ್ಗವನ್ನು ಕುರಿತು ಪ್ರೇಷಿತ ಪ್ರಬೋಧನೆಯೊಂದನ್ನೇ ಹೊರಡಿಸಿದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಧರ್ಮಪ್ರಚಾರಕನಾಗುವ ಮಗನನ್ನು ಬೇಡಿದ ದಂಪತಿಗೆ ದೇವರು ಧರ್ಮಪ್ರಚಾರಕರ ಪಾಲಕಿಯನ್ನೇ ಕೊಟ್ಟರು, ತಡವಾದರೂ ಬಡ್ಡಿಸಮೇತ ತೀರಿಸಿದರು ಎಂದು ಹೇಳುವ ಆಸೆ ನಮಗಾಗುತ್ತದೆ. ಹಾಗೆ ಹೇಳಿದೊಡನೆ ಲೆಕ್ಕದ ಪುಸ್ತಕವನ್ನು ಹಿಂಬಾಗಿಲಿನಿಂದ ಒಳಗೆ ತಂದಂತಾಯಿತು. ಝೇಲಿ ಸಾಯುವಾಗ ಅವರ ಕಿರಿಯ ಮಗಳು ನಾಲ್ಕು ವರ್ಷದ ಕೂಸು. ಆಕೆಗೆ ದೊರೆಯಲಿದ್ದ ಕೀರ್ತಿಯನ್ನು ಅವರು ಕನಸಿನಲ್ಲಿಯೂ ಕಾಣಲಿಲ್ಲ. ಒಂದು ವೇಳೆ ತೆರೇಸಾ ಯಾರಿಗೂ ತಿಳಿಯದ ಸನ್ಯಾಸಿನಿಯಾಗಿಯೇ ತೀರಿಕೊಂಡಿದ್ದರೂ, ಆ ತಾಯಿ ಲೂರ್ದಿನಿಂದ ಮರಳುವಾಗ ಬಿಡದೆ ಹಿಡಿದಿದ್ದ ಭರವಸೆ ಅಷ್ಟೇ ಸತ್ಯವಾಗಿರುತ್ತಿತ್ತು. ಆ ಭರವಸೆಗೆ ಬೆಲೆ ಬಂದದ್ದು ಮುಂದಿನ ಫಲದಿಂದಲ್ಲ, ದೇವರು ತಂದೆಯಾಗಿದ್ದಾರೆಂಬುದರಿಂದ.

ಹಾಗಾದರೆ ನಾವು ದೇವರಲ್ಲಿ ಏನನ್ನೂ ಕೇಳಬಾರದೇ? ಖಂಡಿತವಾಗಿ ಕೇಳಬೇಕು. ಅನುದಿನದ ಆಹಾರವನ್ನು ಕೇಳಲು ಕಲಿಸಿದವರು ಪ್ರಭು ಯೇಸುವೇ. ರೋಗಿಯು ಗುಣವಾಗಲು ಬಯಸುವುದು ಒಳ್ಳೆಯದೂ ಮಾನವೀಯವೂ ಆದ ಬಯಕೆಯೆಂದು ಧರ್ಮಸಭೆಯು 2000ದಲ್ಲಿ ಸ್ವಸ್ಥತೆಯ ಪ್ರಾರ್ಥನೆಗಳನ್ನು ಕುರಿತು ನೀಡಿದ ಸೂಚನೆಯಲ್ಲಿಯೂ ಸ್ಪಷ್ಟಪಡಿಸಿದೆ. ನಮ್ಮ ಪ್ರಾರ್ಥನೆಯು ದೇವರ ಮನಸ್ಸನ್ನು ತಿರುಗಿಸುವುದಕ್ಕಾಗಿ ಇರುವುದಲ್ಲವೆಂದು ಸಂತ ತೋಮಾಸ್ ಅಕ್ವಿನಾಸರು ಬೋಧಿಸಿದ್ದಾರೆ. ಮಗುವು ತಾಯಿಯನ್ನು ಕೇಳುವಂತೆ ಕೇಳೋಣ. ತಾಯಿ ಕೊಡದಿದ್ದಾಗ ಮಗು ಅಳುತ್ತದೆ, ಹಟ ಮಾಡುತ್ತದೆ. ಆದರೆ ಅತ್ತು ದಣಿದು ಮಲಗುವುದು ಅದೇ ತಾಯಿಯ ಮಡಿಲಿನಲ್ಲಿ. ಗ್ರಾಹಕನಾದರೋ ಬೇರೆ ಅಂಗಡಿಯನ್ನು ಹುಡುಕಿಕೊಂಡು ಹೋಗುತ್ತಾನೆ.

ಈ ಹಬ್ಬದ ದಿನ ಸಂತ ತೆರೇಸಾ ಅವರ ಸ್ವರೂಪದ ಮುಂದೆ ನಮ್ಮ ಅಗತ್ಯಗಳನ್ನೆಲ್ಲ ಸಂಕೋಚವಿಲ್ಲದೆ ಹೇಳಿಕೊಳ್ಳೋಣ. ಅನಂತರ ಏನನ್ನೂ ಬೇಡದೆ ಕೆಲವು ನಿಮಿಷ ಅಲ್ಲಿಯೇ ಕುಳಿತಿರೋಣ. ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಬೇಡಿದ ವರ ಸಿಗದೆ ಹೋದ ಮನೆಗಳಿವೆ: ಹಾಸಿಗೆ ಹಿಡಿದ ತಂದೆ, ಮನಸ್ಸು ಕದಡಿದ ತಾಯಿ, ಗೋಡೆಯ ಮೇಲೆ ಹಾರ ಹಾಕಿದ ಮಗುವಿನ ಭಾವಚಿತ್ರ. ಅಂಥ ಮನೆಯೊಂದಕ್ಕೆ ಆ ದಿನ ಹೋಗಿಬರೋಣ. ಹೋದಾಗ ಇನ್ನೂ ಹೆಚ್ಚಾಗಿ ಪ್ರಾರ್ಥಿಸಬೇಕಿತ್ತೆಂಬ ಉಪದೇಶ ಮಾತ್ರ ಬೇಡ. ಅವರ ಪಕ್ಕದಲ್ಲಿ ಕುಳಿತು, ಅವರೊಂದಿಗೆ ಒಂದು ಜಪಸರವನ್ನು ಹೇಳಿ, ಮಾರ್ಟಿನ್ ದಂಪತಿಯ ಕಥೆಯನ್ನು ಅವರಿಗೆ ತಿಳಿಸೋಣ.